ಹಾಲು ಮೊಸರು ಒಗ್ಗದವರು ಕ್ಯಾಲ್ಸಿಯಂಗೆ ಏನು ತಿನ್ನಬೇಕು?

ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ನನಗೆ 54 ವರ್ಷ, ಊರು ತುಮಕೂರು ಕಡೆ. ಮುಟ್ಟು ನಿಂತು ಕೆಲವು ವರ್ಷ ಆಯಿತು. ಸೊಂಟ ನೋವು ಅಂತ ಹೋದಾಗ ಡಾಕ್ಟರು ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಮೂಳೆ ಸಾಂದ್ರತೆ ಕಡಿಮೆ ಆಗಿದೆ, ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ಹಂತಕ್ಕೆ ಹೋಗಿಲ್ಲ, ಈಗಲೇ ಹುಷಾರಾಗಿರಿ ಅಂದರು. ದಿನಾ ಎರಡು ಲೋಟ ಹಾಲು ಕುಡಿಯಲು ಹೇಳಿದರು.

ಅದೇ ಕಷ್ಟ. ಹಾಲು ಕುಡಿದರೆ ನನಗೆ ಹೊಟ್ಟೆ ಉಬ್ಬರ, ಆಮೇಲೆ ಭೇದಿ. ಮಜ್ಜಿಗೆ ಒಂದೆರಡು ಚಮಚ ಪರವಾಗಿಲ್ಲ, ಬಟ್ಟಲು ಮೊಸರು ತಿಂದರೆ ಅದೇ ಪಾಡು. ಮೀನು, ಮೊಟ್ಟೆ ನಮ್ಮ ಮನೆಯಲ್ಲಿ ಇಲ್ಲ. ರಾಗಿ ತಿನ್ನುತ್ತೇವೆ, ಆದರೆ ಈಗ ರಾತ್ರಿ ಮಾತ್ರ ಮುದ್ದೆ. ಬೆಳಗ್ಗೆ ಇಡ್ಲಿ, ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು.

ಇನ್ನೊಂದು ವಿಷಯ ಅರ್ಥ ಆಗುತ್ತಿಲ್ಲ. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗೇ ಇದೆ ಅಂತ ಬಂದಿದೆ. ಹಾಗಿದ್ದರೆ ಮೂಳೆಯಲ್ಲಿ ಯಾಕೆ ಕಡಿಮೆ? ಬರೀ ಊಟದಿಂದ ಇದನ್ನು ಸರಿದೂಗಿಸಲು ಆಗುತ್ತಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮೊಳಕೆರಾಗಿ

ಅಕ್ಕ, ಬೆಳಗ್ಗೆಯೂ ರಾಗಿಗೆ ಬನ್ನಿ. ಅಷ್ಟು ಮಾಡಿದರೆ ಅರ್ಧ ಕೆಲಸ ಆಯಿತು. ಅಕ್ಕಿಯಲ್ಲಿ 100 ಗ್ರಾಂಗೆ 10 ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಇರೋದು ಕಷ್ಟ. ರಾಗಿಯಲ್ಲಿ 350 ಹತ್ತಿರ ಇದೆ. ನಮ್ಮ ಕಡೆ ಹಿರಿಯರು ಮೂರು ಹೊತ್ತೂ ರಾಗಿ ತಿಂದು ಎಪ್ಪತ್ತರಲ್ಲೂ ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಿದ್ದರು. ರಾಗಿ ಬಿಟ್ಟು ಅಕ್ಕಿಗೆ ಬಂದಿದ್ದೇ ನಮ್ಮ ತಲೆಮಾರು.

ಹಿಟ್ಟು ಮಾಡಿಸುವಾಗ ಒಂದು ಗಮನ ಇರಲಿ. ತೀರಾ ನುಣ್ಣಗೆ ಬೇಕು ಅಂತ ಜರಡಿ ಹಿಡಿದು ತೌಡನ್ನೆಲ್ಲ ತೆಗೆಯಬೇಡಿ. ರಾಗಿಯ ಕ್ಯಾಲ್ಸಿಯಂ ಬಹಳಷ್ಟು ಇರೋದು ಮೇಲಿನ ಸಿಪ್ಪೆಯಲ್ಲೇ. ಅಂಗಡಿಯ ಬೆಳ್ಳಗಿನ ಹಿಟ್ಟಿಗಿಂತ ಗಿರಣಿಯಲ್ಲಿ ಬೀಸಿಸಿದ ಕಪ್ಪನೆಯ ಹಿಟ್ಟೇ ಒಳ್ಳೆಯದು.

ಪಥ್ಯದಮನೆ

ಹೊಂಗೆನೆರಳು ಅವರೇ, ನಾನು ಮೈಸೂರಿನಲ್ಲಿ ಡಯಟೀಷಿಯನ್. ನಿಮ್ಮ ಹಾಗೆ ಕೇಳಿಕೊಂಡು ಬರುವವರು ಬಹಳ ಜನ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ರಕ್ತದ ವಿಷಯ. ದೇಹದ ಕ್ಯಾಲ್ಸಿಯಂನಲ್ಲಿ ಸುಮಾರು 99 ಪಾಲು ಮೂಳೆ ಮತ್ತು ಹಲ್ಲುಗಳಲ್ಲೇ ಇರುತ್ತದೆ. ಉಳಿದ ಒಂದು ಪಾಲು ರಕ್ತ, ಸ್ನಾಯು, ನರಗಳ ಕೆಲಸಕ್ಕೆ. ಹೃದಯ ಬಡಿಯಲು ರಕ್ತದ ಕ್ಯಾಲ್ಸಿಯಂ ಬೇಕೇ ಬೇಕು, ಅದಕ್ಕೆ ದೇಹ ಅದನ್ನು ಇಳಿಯಲು ಬಿಡುವುದಿಲ್ಲ. ಸ್ವಲ್ಪ ಕಡಿಮೆಯಾದರೂ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನ್ ಬಿಟ್ಟು ಮೂಳೆಯಿಂದ ಎಳೆದು ರಕ್ತಕ್ಕೆ ತುಂಬಿಸುತ್ತವೆ. ಹಾಗಾಗಿ ರಕ್ತದ ವರದಿ ಚೆನ್ನಾಗಿದ್ದೂ ಮೂಳೆ ಸವೆಯುತ್ತಿರಬಹುದು. ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಕಡಿಮೆಯಾಗಿ ಸವೆತ ಇನ್ನೂ ಜೋರಾಗುತ್ತದೆ.

ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಲೆಕ್ಕ ಪರಿಷ್ಕರಿಸಿತು. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200. ಅದಕ್ಕೂ ಮುಂಚೆ ದೊಡ್ಡವರಿಗೆ 600 ಸಾಕು ಅಂತಿತ್ತು. ಹಳೆಯ ಪುಸ್ತಕ ನೋಡಿ "ನನಗೆ ಸಾಕಾಗುತ್ತಿದೆ" ಅಂದುಕೊಂಡವರು ಒಮ್ಮೆ ಮತ್ತೆ ನೋಡಿ.

ಈಗ ಮುಖ್ಯ ಮಾತು. ಪಟ್ಟಿಯಲ್ಲಿ ಎಷ್ಟು ಬರೆದಿದೆ ಅನ್ನುವುದು ಒಂದು, ಹೊಟ್ಟೆಯಿಂದ ರಕ್ತಕ್ಕೆ ಎಷ್ಟು ಸೇರುತ್ತದೆ ಅನ್ನುವುದು ಇನ್ನೊಂದು. ಹಾಲಿನ ಕ್ಯಾಲ್ಸಿಯಂನಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಮೈಗೆ ಹತ್ತುತ್ತದೆ. ಪಾಲಕ್‌ನಲ್ಲಿ ನೂರಕ್ಕೆ ಐದು ಪಾಲು ಮಾತ್ರ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಅಂದರೆ 100 ಗ್ರಾಂ ಪಾಲಕ್‌ನಲ್ಲಿ 80 ಮಿಲಿಗ್ರಾಂ ಇದ್ದರೆ ದೇಹಕ್ಕೆ ಸೇರುವುದು ನಾಲ್ಕು! ಪಾಲಕ್‌ನಲ್ಲಿ ಬೇರೆ ಒಳ್ಳೆಯ ಅಂಶಗಳಿವೆ, ತಿನ್ನಿ. ಕ್ಯಾಲ್ಸಿಯಂ ಲೆಕ್ಕಕ್ಕೆ ಮಾತ್ರ ಸೇರಿಸಬೇಡಿ. ದಂಟು, ಹರಿವೆ ಸೊಪ್ಪಿನಲ್ಲಿ 300ಕ್ಕೂ ಮೇಲೆ ಇದೆ, ಆದರೆ ಅವುಗಳಲ್ಲೂ ಆಕ್ಸಲೇಟ್ ಜಾಸ್ತಿ.

ಇದಕ್ಕೆ ಉಲ್ಟಾ ಇರುವುದು ಕೋಸಿನ ಕುಟುಂಬದ ಸೊಪ್ಪು: ಮೂಲಂಗಿ ಸೊಪ್ಪು, ಸಾಸಿವೆ ಸೊಪ್ಪು, ನವಿಲುಕೋಸಿನ ಎಲೆ, ಹೂಕೋಸಿನ ಸುತ್ತ ಇರುವ ಹಸಿರು ಎಲೆ. ಆಕ್ಸಲೇಟ್ ತುಂಬಾ ಕಡಿಮೆ. ಈ ಕುಟುಂಬದ ಸೊಪ್ಪುಗಳಿಂದ ಹಾಲಿನಷ್ಟೇ, ಕೆಲವು ಸಲ ಹಾಲಿಗಿಂತ ಜಾಸ್ತಿ ಪಾಲು ಮೈಗೆ ಹತ್ತುತ್ತದೆ. ಮೂಲಂಗಿ ಸೊಪ್ಪಿನಲ್ಲಿ 100 ಗ್ರಾಂಗೆ 230ಕ್ಕೂ ಮೇಲೆ ಇದೆ. ಮಾರುಕಟ್ಟೆಯಲ್ಲಿ ನಾವು ಮೂಲಂಗಿ ಕೊಳ್ಳುವಾಗ ಸೊಪ್ಪು ಮುರಿದು ಅಲ್ಲೇ ಬಿಟ್ಟು ಬರುತ್ತೇವೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಹೊಂಗೆನೆರಳು

ಮೇಡಂ, ರಕ್ತದ ವಿಷಯ ಈಗ ಅರ್ಥ ಆಯಿತು. ತುಂಬಾ ಥ್ಯಾಂಕ್ಸ್. ಮೂಲಂಗಿ ಸೊಪ್ಪು ಸ್ವಲ್ಪ ಕಹಿ ಘಾಟು ಅಲ್ವಾ, ಮನೆಯಲ್ಲಿ ತಿನ್ನುತ್ತಾರಾ ಅನ್ನೋದೇ ಯೋಚನೆ.

ಗುರೆಳ್ಳುಪುಡಿ

ಅಕ್ಕಾರ, ಎಳೆ ಸೊಪ್ಪು ತಗೊಳ್ಳಿ. ನಮ್ಮ ಗದಗ ಕಡೆ ಎಳೆ ಮೂಲಂಗಿ ಸೊಪ್ಪು, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ ಎಲ್ಲ ಸಣ್ಣಗೆ ಹೆಚ್ಚಿ ಪಚಡಿ ಮಾಡುತ್ತೇವೆ. ಶೇಂಗಾ ಪುಡಿ ಇಲ್ಲಾ ಗುರೆಳ್ಳು ಪುಡಿ, ಉಪ್ಪು, ಖಾರ, ಹಸಿ ಎಣ್ಣೆ. ರೊಟ್ಟಿ ಜೊತೆ ಅದು ಇಲ್ಲದಿದ್ದರೆ ಊಟ ಸೇರುವುದಿಲ್ಲ. ಘಾಟು ಗೊತ್ತೇ ಆಗುವುದಿಲ್ಲ. ಬಲಿತ ಸೊಪ್ಪಾದರೆ ಕಡಲೆಹಿಟ್ಟು ಉದುರಿಸಿ ಝುಣಕದ ಹಾಗೆ ಮಾಡಿ.

ನಮ್ಮ ಕಡೆಯವರಿಗೂ ಒಂದು ಮಾತು ಹೇಳಬೇಕು. ಜೋಳದ ರೊಟ್ಟಿ ತಿಂದರೆ ಎಲ್ಲ ಸಿಕ್ಕಿತು ಅನ್ನೋ ನಂಬಿಕೆ ನಮಗಿದೆ. ಜೋಳದಲ್ಲಿ 100 ಗ್ರಾಂಗೆ ಕ್ಯಾಲ್ಸಿಯಂ 30 ಮಿಲಿಗ್ರಾಂ ಕೂಡ ಇಲ್ಲ. ನಮ್ಮ ತಟ್ಟೆಯಲ್ಲಿ ಕ್ಯಾಲ್ಸಿಯಂ ಬರುವುದು ರೊಟ್ಟಿಯಿಂದಲ್ಲ, ಅದರ ಪಕ್ಕದಲ್ಲಿ ಇರುವ ಗುರೆಳ್ಳು ಪುಡಿ, ಅಗಸಿ ಪುಡಿ, ಹಸಿ ಸೊಪ್ಪು, ಕಾಳುಪಲ್ಯದಿಂದ. ಈಗಿನ ಹುಡುಗರು ಪುಡಿ, ಪಚಡಿ ಬಿಟ್ಟು ರೊಟ್ಟಿಗೆ ಆಲೂಗಡ್ಡೆ ಪಲ್ಯ ಹಚ್ಚಿಕೊಂಡು ಏಳುತ್ತಾರೆ. ನನಗೆ ಬೇಜಾರು ಅದೇ.

ನಿವೃತ್ತಮೇಷ್ಟ್ರು

ಎಳ್ಳಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ! 100 ಗ್ರಾಂ ಎಳ್ಳಿನಲ್ಲಿ 1200 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ. ಹಾಲಿಗಿಂತ ಹತ್ತು ಪಟ್ಟು. ದಿನಾ ಒಂದು ಎಳ್ಳುಂಡೆ ತಿಂದರೆ ಮುಗಿಯಿತು, ಇಷ್ಟೆಲ್ಲ ಚರ್ಚೆ ಯಾಕೆ?

ಪಥ್ಯದಮನೆ

ಮೇಷ್ಟ್ರೇ, ಎಳ್ಳು ಒಳ್ಳೆಯದೇ. ಆದರೆ ಮುಗಿಯಿತು ಅನ್ನುವಂತಿಲ್ಲ. ಒಂದು ದೊಡ್ಡ ಚಮಚ ಎಳ್ಳು ಅಂದರೆ 9 ಗ್ರಾಂ. ಅದರಲ್ಲಿ ಬರುವುದು ಸುಮಾರು 110 ಮಿಲಿಗ್ರಾಂ. ಅದರಲ್ಲೂ ಬಹುಪಾಲು ಸಿಪ್ಪೆಯಲ್ಲಿ ಆಕ್ಸಲೇಟ್ ಜೊತೆ ಕಟ್ಟಿಕೊಂಡಿರುತ್ತದೆ, ಹಾಲಿನಷ್ಟು ಸಲೀಸಾಗಿ ಸಿಗುವುದಿಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲಕ್ಕೆ ಉಜ್ಜಿ ಸಿಪ್ಪೆ ತೆಗೆದ ಬಿಳಿ ಎಳ್ಳು ತರುತ್ತೇವಲ್ಲ, ಅದರಲ್ಲಿ ಕ್ಯಾಲ್ಸಿಯಂ ಹತ್ತನೇ ಒಂದು ಪಾಲು ಉಳಿದರೆ ಹೆಚ್ಚು. ಹಾಗಾಗಿ ಸಿಪ್ಪೆ ಇರುವ ಎಳ್ಳನ್ನೇ ತನ್ನಿ. ಹುರಿದು ಪುಡಿ ಮಾಡಿ. ಇಡೀ ಕಾಳು ಹಲ್ಲಿಗೆ ಸಿಗದೆ ಹಾಗೇ ಹೊರಗೆ ಹೋಗುತ್ತದೆ.

ಪಟ್ಟಿಗಳಲ್ಲಿ 100 ಗ್ರಾಂ ಲೆಕ್ಕ ಓದುವಾಗ ಎಲ್ಲರೂ ಇಲ್ಲೇ ಎಡವುತ್ತಾರೆ. ಕರಿಬೇವಿನಲ್ಲಿ 600ಕ್ಕೂ ಮೇಲೆ ಇದೆ ಅಂತ ಬರೆದಿರುತ್ತದೆ. ಒಗ್ಗರಣೆಗೆ ಹಾಕುವುದು ಒಂದು ಎಸಳು, ಅದನ್ನೂ ತಟ್ಟೆಯ ಅಂಚಿಗೆ ಎತ್ತಿಡುತ್ತೇವೆ. ಬಾದಾಮಿಯೂ ಅಷ್ಟೇ. ಹತ್ತು ಬಾದಾಮಿಗೆ 30 ಮಿಲಿಗ್ರಾಂ ದಾಟುವುದಿಲ್ಲ. ನೆನೆಸಿದ ಬಾದಾಮಿ ತಿಂದು ಮೂಳೆ ಗಟ್ಟಿಯಾಗುತ್ತೆ ಅಂತ ಕೂತವರಿಗೆ ಇದನ್ನು ಹೇಳಲೇಬೇಕು.

ಶಾರ್ಜಾಸಾಗರ

ಗಸಗಸೆ ಕೂಡ ಎಳ್ಳಿನ ಹಾಗೇ, 100 ಗ್ರಾಂಗೆ 1400 ಹತ್ತಿರ. ಊರಿನಲ್ಲಿದ್ದಾಗ ಅಮ್ಮ ಗಸಗಸೆ ಪಾಯಸ ಮಾಡುತ್ತಿದ್ದರು. ಇಲ್ಲಿ ಯುಎಇಯಲ್ಲಿ ಗಸಗಸೆ ತರುವುದೇ ನಿಷೇಧ. ಊರಿಂದ ಬರುವಾಗ ಮಸಾಲೆ ಡಬ್ಬಿಯಲ್ಲಿ ಸೇರಿಸಿಕೊಂಡು ಬಂದು ಸಿಕ್ಕಿಬೀಳಬೇಡಿ, ಗಲ್ಫ್‌ಗೆ ಬರುವ ಎಲ್ಲರಿಗೂ ಹೇಳುತ್ತಿದ್ದೇನೆ. ನಿಜಕ್ಕೂ ಜೈಲು ಆಗುವ ವಿಷಯ ಇದು.

ಇಲ್ಲಿ ನನಗೆ ಅನುಕೂಲ ಆಗಿದ್ದು ತಹೀನಿ. ಎಳ್ಳು ಅರೆದ ಪೇಸ್ಟ್, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಪಥ್ಯದಮನೆ ಅವರು ಹೇಳಿದ ಸಿಪ್ಪೆ ವಿಷಯ ಇಲ್ಲೂ ಇದೆ. ಬೆಳ್ಳಗಿನ ತಹೀನಿ ಸಿಪ್ಪೆ ತೆಗೆದ ಎಳ್ಳಿನದು. ಕಂದು ಬಣ್ಣದ್ದು, ಇಡೀ ಎಳ್ಳಿನದು ಅಂತ ಬರೆದಿರುವುದನ್ನು ಹುಡುಕಿ ತೆಗೆದುಕೊಳ್ಳಬೇಕು.

ಕಲ್ಲುಸಕ್ಕರೆ

ನನಗೆ ಎರಡು ಸಲ ಕಿಡ್ನಿ ಸ್ಟೋನ್ ಆಗಿದೆ. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಅಂದರು. ಅವತ್ತಿನಿಂದ ರಾಗಿ, ಸೊಪ್ಪು ಎಲ್ಲ ಬಿಟ್ಟಿದ್ದೇನೆ. ನೀವೆಲ್ಲ ಕ್ಯಾಲ್ಸಿಯಂ ಜಾಸ್ತಿ ತಿನ್ನಿ ಅಂತಿದ್ದೀರಿ, ಓದಿದರೆ ಭಯ ಆಗುತ್ತೆ.

ಪಥ್ಯದಮನೆ

ಸರ್, ಈ ಭಯ ತುಂಬಾ ಜನರಲ್ಲಿದೆ. ಆದರೆ ಊಟದಲ್ಲಿ ಕ್ಯಾಲ್ಸಿಯಂ ಪೂರ್ತಿ ಬಿಡುವುದು ಇಂಥ ಕಲ್ಲಿಗೆ ಒಳ್ಳೆಯದಲ್ಲ. ಊಟದ ಜೊತೆ ಕ್ಯಾಲ್ಸಿಯಂ ಇದ್ದರೆ ಅದು ಕರುಳಿನಲ್ಲೇ ಆಕ್ಸಲೇಟ್ ಅನ್ನು ಹಿಡಿದು ಮಲದಲ್ಲಿ ಹೊರಗೆ ಕಳಿಸುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಆಕ್ಸಲೇಟ್ ಸೀದಾ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೋಗುತ್ತದೆ. ನೀವು ಕಡಿಮೆ ಮಾಡಬೇಕಾದ್ದು ಪಾಲಕ್, ದಂಟು, ಹರಿವೆ, ಜೊತೆಗೆ ಉಪ್ಪು. ಮಾಡಲೇಬೇಕಾದ್ದು, ನೀರು ಚೆನ್ನಾಗಿ ಕುಡಿಯುವುದು. ಮೂಲಂಗಿ ಸೊಪ್ಪು, ಮೆಂತ್ಯೆ ಸೊಪ್ಪು ನಿಮಗೆ ಹೆಚ್ಚು ಸೂಕ್ತ. ರಾಗಿಯನ್ನು ಮತ್ತೆ ಶುರು ಮಾಡುವ ಬಗ್ಗೆ ನಿಮ್ಮ ಯೂರಾಲಜಿಸ್ಟ್ ಹತ್ತಿರ ಒಮ್ಮೆ ಮಾತಾಡಿ. ಕ್ಯಾಲ್ಸಿಯಂ ಮಾತ್ರೆಯನ್ನು ಅವರನ್ನು ಕೇಳದೆ ನುಂಗಬೇಡಿ.

ನಮ್ಮ ಬಸ್ಸಾರಿನ ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಸೊಪ್ಪು ಬೇಯಿಸಿ ನೀರು ಬಸಿದರೆ ಕರಗುವ ಆಕ್ಸಲೇಟ್ ಬಹಳಷ್ಟು ಆ ನೀರಿಗೆ ಇಳಿಯುತ್ತದೆ. ಆ ಬಸಿದ ಕಟ್ಟಿನಲ್ಲೇ ನಾವು ಸಾರು ಮಾಡುತ್ತೇವೆ. ಎಲ್ಲರಿಗೂ ಇದರಿಂದ ತೊಂದರೆ ಇಲ್ಲ, ಆ ಸಾರಿನಲ್ಲಿ ಬೇರೆ ಸತ್ವ ಇದೆ. ಆದರೆ ಕಲ್ಲಿನ ತೊಂದರೆ ಇರುವವರು ದಂಟಿನ ಸೊಪ್ಪಿನ ಬಸ್ಸಾರು ಬಿಟ್ಟು ಪಲ್ಯ ಮಾತ್ರ ತಿನ್ನಿ. ಇಲ್ಲವೇ ಹುರುಳಿಕಾಳಿನ ಕಟ್ಟಿನಲ್ಲಿ ಸಾರು ಮಾಡಿಕೊಳ್ಳಿ.

ಮೊಳಕೆರಾಗಿ

ಹುರುಳಿಯಲ್ಲೂ ಕ್ಯಾಲ್ಸಿಯಂ ಇದೆ ಅಲ್ವಾ ಮೇಡಂ?

ಪಥ್ಯದಮನೆ

ಇದೆ. ಬೇಳೆಕಾಳುಗಳ ಪೈಕಿ ಹುರುಳಿ, ರಾಜ್ಮಾ, ಸೋಯಾ ಮುಂದೆ ಇವೆ. ಹುರುಳಿಯಲ್ಲಿ 100 ಗ್ರಾಂಗೆ 270ರಿಂದ 290. ತೊಗರಿಬೇಳೆ, ಹೆಸರುಬೇಳೆಯಲ್ಲಿ ಅಷ್ಟಿಲ್ಲ. ಕಾಳು ಮೊಳಕೆ ಕಟ್ಟಿದರೆ ಫೈಟೇಟ್ ಕಡಿಮೆಯಾಗುತ್ತದೆ. ಫೈಟೇಟ್ ಅಂದರೆ ಕಾಳು, ಧಾನ್ಯಗಳಲ್ಲಿ ಇರುವ ಅಂಶ, ಅದೂ ಕ್ಯಾಲ್ಸಿಯಂ, ಕಬ್ಬಿಣ, ಸತುವನ್ನು ಹಿಡಿದಿಡುತ್ತದೆ. ರಾಗಿಯಲ್ಲೂ ಇದೆ.

ಮೊಳಕೆರಾಗಿ

ಹಾಗಾದರೆ ನಮ್ಮ ಹಳೆಯ ಪದ್ಧತಿಯೇ ಸರಿ. ಮಗುವಿಗೆ ರಾಗಿ ಸರಿ ಮಾಡುವಾಗ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸುತ್ತೇವೆ. ಮಗುವಿಗೆ ಮಾತ್ರ ವಸ್ತ್ರಗಾಳಿತ, ದೊಡ್ಡವರಿಗೆ ಹಾಗೇ. ಅದೇ ಹಿಟ್ಟನ್ನು ಬೆಳಗ್ಗೆ ಗಂಜಿ ಮಾಡಿ ಕುಡಿಯಬಹುದು. ಹೊಂಗೆನೆರಳು ಅಕ್ಕ, ನಿಮಗೆ ಮಜ್ಜಿಗೆ ಆಗಲ್ಲ ಅಂದರಿ. ರಾಗಿ ಹಿಟ್ಟನ್ನು ನೀರಿನಲ್ಲಿ ಕದಡಿ ರಾತ್ರಿಯಿಡೀ ಹುಳಿ ಬರಲು ಬಿಡಿ. ಬೆಳಗ್ಗೆ ಕಾಯಿಸಿ ಅಂಬಲಿ ಮಾಡಿ, ಈರುಳ್ಳಿ, ಕೊತ್ತಂಬರಿ ಹಾಕಿ ಕುಡಿಯಿರಿ. ಮಜ್ಜಿಗೆ ಬೇಕಾಗಿಲ್ಲ. ಇಲ್ಲ ಅಂದರೆ ಉದ್ದಿನ ಜೊತೆ ರಾಗಿ ಸೇರಿಸಿ ದೋಸೆ ಹಿಟ್ಟು ರುಬ್ಬಿ, ಹುದುಗಿದಾಗಲೂ ಅದೇ ಪ್ರಯೋಜನ.

ಕಡಲತಡಿ

ಮಲ್ಪೆ ಹತ್ತಿರದವನು ನಾನು. ಪ್ರಶ್ನೆ ಕೇಳಿದವರು ಮೀನು ತಿನ್ನುವುದಿಲ್ಲ, ಗೊತ್ತು. ಆದರೆ ಇದನ್ನು ಓದುತ್ತಿರುವ ಬೇರೆಯವರಿಗೆ ಉಪಯೋಗ ಆಗಬಹುದು.

ದೊಡ್ಡ ಮೀನಿನ ತುಂಡಿನಲ್ಲಿ ಕ್ಯಾಲ್ಸಿಯಂ ಅಷ್ಟಿಲ್ಲ. ಅಂಜಲ್ ಫ್ರೈ ತಿಂದು ಮುಳ್ಳು ಬಿಸಾಡಿದರೆ ಸಿಗುವುದು ಪ್ರೋಟೀನ್ ಮಾತ್ರ. ಕ್ಯಾಲ್ಸಿಯಂ ಇರುವುದು ಮುಳ್ಳಿನಲ್ಲಿ. ಅದಕ್ಕೆ ಮುಳ್ಳು ಸಮೇತ ತಿನ್ನುವ ಸಣ್ಣ ಮೀನೇ ಬೇಕು. ಕೊಲ್ಲತರು ಆದರೆ ಹಾಗೇ ಅಗಿಯಬಹುದು. ಸಣ್ಣ ಬೂತಾಯಿಯನ್ನು ಕುಕ್ಕರಿನಲ್ಲಿ ಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ಮುಳ್ಳು ಬಾಯಲ್ಲಿ ಪುಡಿಯಾಗುತ್ತದೆ. ಡಬ್ಬಿಯಲ್ಲಿ ಬರುವ ಸಾರ್ಡೀನ್ ಅಂದರೆ ಬೂತಾಯಿ ಜಾತಿಯ ಮೀನೇ. ಮುಳ್ಳು ಸಮೇತ ತಿಂದರೆ 100 ಗ್ರಾಂಗೆ 380 ಮಿಲಿಗ್ರಾಂ ಸಿಗುತ್ತದೆ. ಬೂತಾಯಿಯಲ್ಲಿ ವಿಟಮಿನ್ ಡಿ ಕೂಡ ಇದೆ. ಊಟದಲ್ಲಿ ಅದು ಸಿಗುವ ಪದಾರ್ಥಗಳೇ ಕಡಿಮೆ.

ನಮ್ಮಲ್ಲಿ ಈಗ ಮಕ್ಕಳಿಗೆ ಮುಳ್ಳು ಬೇಡ ಅಂತ ಬೋನ್‌ಲೆಸ್ ತರುವ ಅಭ್ಯಾಸ ಶುರುವಾಗಿದೆ. ಕಡಿಮೆ ಬೆಲೆಯ ಮೀನು ಅಂತ ಬೂತಾಯಿ ಬಿಟ್ಟು ದುಬಾರಿ ಮೀನು ತಂದು, ಕ್ಯಾಲ್ಸಿಯಂ ಮಾತ್ರೆ ಬೇರೆ ಕೊಳ್ಳುವುದು ಎಂಥದ್ದು ಮಾರಾಯ್ರೆ! ಒಣಮೀನಿನಲ್ಲೂ ಇದೆ, ಆದರೆ ಉಪ್ಪು ಜಾಸ್ತಿ. ನೀರಲ್ಲಿ ನೆನೆಸಿ ತೊಳೆದು ಮಾಡಿ.

ನಿವೃತ್ತಮೇಷ್ಟ್ರು

ಹಾಗಾದರೆ ಕಾಲು ಸೂಪ್? ಮೂಳೆ ಮುರಿದವರಿಗೆ ನಮ್ಮಲ್ಲಿ ಮೊದಲು ಕೊಡುವುದೇ ಅದು.

ಪಥ್ಯದಮನೆ

ಮೂಳೆ ಬೇಯಿಸಿದರೆ ಕ್ಯಾಲ್ಸಿಯಂ ಸೂಪಿಗೆ ಇಳಿಯುವುದು ತೀರಾ ಸ್ವಲ್ಪ. ಅದು ಮೂಳೆಯಲ್ಲೇ ಗಟ್ಟಿಯಾಗಿ ಉಳಿಯುತ್ತದೆ. ಸೂಪಿನಲ್ಲಿ ಸಿಗುವುದು ಜೆಲಾಟಿನ್, ಕೊಬ್ಬು, ಉಪ್ಪು. ರುಚಿಗೆ ಕುಡಿಯಿರಿ, ಬಾಯಿ ರುಚಿ ಹೋದ ರೋಗಿಗೆ ಅದೂ ಒಂದು ಆಸರೆ. ಕ್ಯಾಲ್ಸಿಯಂ ಅಂತ ನಂಬಿ ಕೂರಬೇಡಿ.

ವೀಳ್ಯದೆಲೆ

ಎಲ್ಲರೂ ಸುತ್ತಿ ಬಳಸಿ ಮಾತಾಡುತ್ತಿದ್ದೀರಿ. ಗೋಧಿ ಕಾಳಿನಷ್ಟು ಸುಣ್ಣವನ್ನು ದಿನಾ ನೀರಲ್ಲೋ ದಾಳಿಂಬೆ ರಸದಲ್ಲೋ ಹಾಕಿ ಕುಡಿಯಿರಿ. ಸುಣ್ಣ ಅಂದರೆ ಶುದ್ಧ ಕ್ಯಾಲ್ಸಿಯಂ. ನಮ್ಮ ಅಜ್ಜಿಯರು ಎಲೆ ಅಡಿಕೆ ಹಾಕುತ್ತಿದ್ದರು, ಅವರಿಗೆ ಮೂಳೆ ನೋವೇ ಇರಲಿಲ್ಲ. ವಾಟ್ಸಾಪ್‌ನಲ್ಲಿ ಎಷ್ಟೋ ಜನ ಗುಣವಾಗಿದೆ ಅಂತ ಹಾಕಿದ್ದಾರೆ.

ನೀರುನೆಲ

ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಎಲೆಗೆ ಹಚ್ಚುವ ಸುಣ್ಣ ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ತೀಕ್ಷ್ಣ ಕ್ಷಾರ. ಬಾಯಿ, ಅನ್ನನಾಳ ಸುಡುತ್ತದೆ. ಗೋಧಿ ಕಾಳಿನಷ್ಟು ಅಂತ ಶುರುವಾಗಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅಳತೆ ಆಗುತ್ತದೆ. ಆ ಸುಣ್ಣವನ್ನು ಆಹಾರದ ಮಟ್ಟಕ್ಕೆ ಶುದ್ಧ ಮಾಡಿರುವುದಿಲ್ಲ, ಜೊತೆಗೆ ಏನೇನು ಸೇರಿದೆ ಅಂತ ಹೇಳಲಾಗದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇನ್ನೂ ಅಪಾಯ. ಸುಣ್ಣದ ಪೊಟ್ಟಣ ಒತ್ತಿ ಕಣ್ಣಿಗೆ ಚಿಮ್ಮಿ ದೃಷ್ಟಿ ಕಳೆದುಕೊಂಡ ಮಕ್ಕಳಿದ್ದಾರೆ. ಎಲೆ ಅಡಿಕೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಅಡಿಕೆ ಅಗಿಯುವುದು ಬಾಯಿ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ, ತಂಬಾಕು ಇಲ್ಲದಿದ್ದರೂ.

ಸುಣ್ಣವನ್ನು ಊಟದಲ್ಲಿ ಸರಿಯಾಗಿ ಬಳಸುವ ಜನ ಮೆಕ್ಸಿಕೊದವರು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಸಿಟ್ಟು, ಚೆನ್ನಾಗಿ ತೊಳೆದು, ಆಮೇಲೆ ಅರೆದು ರೊಟ್ಟಿ ಮಾಡುತ್ತಾರೆ. ಆ ರೊಟ್ಟಿಯಲ್ಲಿ ಕ್ಯಾಲ್ಸಿಯಂ ಬರೀ ಮೆಕ್ಕೆಜೋಳದ ಹಿಟ್ಟಿಗಿಂತ ಹತ್ತು ಪಟ್ಟಿಗೂ ಜಾಸ್ತಿ. ಅಲ್ಲಿ ಸುಣ್ಣದ ನೀರು ಚೆಲ್ಲಿ, ತೊಳೆದು ತಿನ್ನುತ್ತಾರೆ ಅನ್ನುವುದನ್ನು ಮರೆಯಬಾರದು.

ಇನ್ನು ನನ್ನ ಕೆಲಸದ ವಿಷಯಕ್ಕೆ ಬರುತ್ತೇನೆ. ನಾನು ಕುಡಿಯುವ ನೀರಿನ ಯೋಜನೆಗಳಲ್ಲಿ ಎಂಜಿನಿಯರ್. ಕ್ಯಾಲ್ಸಿಯಂ ಅಂದರೆ ಎಲ್ಲರೂ ತಟ್ಟೆ ನೋಡುತ್ತಾರೆ, ಲೋಟ ನೋಡುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿಯೇ ಇರುತ್ತದೆ, ಹಾಲಿನ ಕ್ಯಾಲ್ಸಿಯಂನಷ್ಟೇ ಸುಲಭವಾಗಿ ಮೈಗೆ ಹತ್ತುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 75 ಮಿಲಿಗ್ರಾಂ ಒಪ್ಪುವ ಮಿತಿ, ಬೇರೆ ಮೂಲ ಇಲ್ಲದಿದ್ದರೆ 200ರವರೆಗೂ ಬಿಡುತ್ತಾರೆ. 75 ಇರುವ ನೀರನ್ನು ಎರಡು ಲೀಟರ್ ಕುಡಿದರೆ 150 ಮಿಲಿಗ್ರಾಂ ಸಿಕ್ಕಿತು. ಆರ್‌ಒ ಫಿಲ್ಟರ್ ಹಾಕಿದರೆ ಅದರಲ್ಲಿ ಬಹುಪಾಲು ಹೋಗುತ್ತದೆ. ನೀರು ಕಾಯಿಸಿದಾಗ ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟುತ್ತದಲ್ಲ, ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ.

ಆದರೆ ಇದನ್ನು ಓದಿ ಯಾರೂ ಆರ್‌ಒ ಕಿತ್ತುಹಾಕಬೇಡಿ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಕಡೆ ನೀರಿನಲ್ಲಿ ಫ್ಲೋರೈಡ್ ಇದೆ. ಫ್ಲೋರೈಡ್ ಜಾಸ್ತಿಯಾದರೆ ಮೂಳೆಯೇ ಹಾಳು. ಮೊದಲು ನೀರು ಪರೀಕ್ಷೆ ಮಾಡಿಸಿ. ಫ್ಲೋರೈಡ್, ನೈಟ್ರೇಟ್ ಮಿತಿಯೊಳಗಿದ್ದು ಬರೀ ಗಡಸು ನೀರಾಗಿದ್ದರೆ ಆರ್‌ಒ ಬೇಕಾ ಅಂತ ಆಮೇಲೆ ಯೋಚನೆ ಮಾಡಿ.

ಹೊಂಗೆನೆರಳು

ನಮ್ಮ ಮನೆಗೆ ಪಂಚಾಯ್ತಿ ಘಟಕದ ಆರ್‌ಒ ನೀರು. ನಮ್ಮ ಭಾಗದಲ್ಲೂ ಫ್ಲೋರೈಡ್ ಇದೆ ಅಂತ ಹೇಳುತ್ತಾರೆ. ಹಾಗಾಗಿ ನೀರಿನ ದಾರಿ ನನಗಿಲ್ಲ. ಊಟದಲ್ಲೇ ನೋಡಿಕೊಳ್ಳುತ್ತೇನೆ.

ಪುಟ್ಟಿಅಮ್ಮ

ನನ್ನದು ಬೇರೆ ಸಮಸ್ಯೆ. ಮಗಳಿಗೆ ಎಂಟು ತಿಂಗಳು. ಹಸುವಿನ ಹಾಲಿನ ಅಲರ್ಜಿ ಅಂತ ಡಾಕ್ಟರು ಹೇಳಿದ್ದಾರೆ. ಎದೆಹಾಲು ಕುಡಿಯುತ್ತಾಳೆ. ಅದು ಬಿಡಿಸಿ ಬಾದಾಮಿ ಹಾಲು ಇಲ್ಲಾ ರಾಗಿ ಹಾಲು ಕೊಡು ಅಂತ ಅತ್ತೆ ಹೇಳುತ್ತಿದ್ದಾರೆ. ಕೊಡಬಹುದಾ?

ಪಥ್ಯದಮನೆ

ಬೇಡಮ್ಮ. ಒಂದು ವರ್ಷದೊಳಗಿನ ಮಗುವಿಗೆ ಬಾದಾಮಿ ಹಾಲು, ರಾಗಿ ಹಾಲು ಯಾವುದೂ ಎದೆಹಾಲಿನ ಬದಲಿಗೆ ಆಗುವುದಿಲ್ಲ. ಎದೆಹಾಲು ಮುಂದುವರಿಸಿ. ಅದು ಸಾಕಾಗದಿದ್ದರೆ ಇಂಥ ಅಲರ್ಜಿಗೇ ಬೇರೆ ಫಾರ್ಮುಲಾ ಇದೆ, ಮಕ್ಕಳ ಡಾಕ್ಟರನ್ನು ಕೇಳಿ. ರಾಗಿ ಸರಿಯನ್ನು ಊಟವಾಗಿ ಕೊಡಬಹುದು, ಹಾಲಾಗಿ ಅಲ್ಲ. ನೀವು ತಿನ್ನುವ ಹಾಲಿನ ಪದಾರ್ಥ ಕೂಡ ಕೆಲವು ಮಕ್ಕಳಿಗೆ ಎದೆಹಾಲಿನ ಮೂಲಕ ತೊಂದರೆ ಕೊಡುತ್ತದೆ. ನೀವೂ ಹಾಲು ಬಿಡಬೇಕು ಅಂತ ಡಾಕ್ಟರು ಹೇಳಿದ್ದರೆ ನಿಮಗೂ ಕ್ಯಾಲ್ಸಿಯಂ ಬೇರೆ ಕಡೆಯಿಂದ ಬರಬೇಕು. ಹೆರಿಗೆಯಾಗಿ ಆರು ತಿಂಗಳವರೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಮಾತ್ರೆ ಕೊಡುವ ನಿಯಮ ಇದೆ. ಅದಾದ ಮೇಲೂ ಹಾಲುಣಿಸುತ್ತಿದ್ದರೆ ಕೇಳಿ ಮುಂದುವರಿಸಿ.

ಅಲರ್ಜಿ ಬೇರೆ, ಹೊಂಗೆನೆರಳು ಅವರ ಲ್ಯಾಕ್ಟೋಸ್ ತೊಂದರೆ, ಅಂದರೆ ಹಾಲಿನ ಸಕ್ಕರೆ ಅರಗದಿರುವುದು, ಬೇರೆ. ಅಲರ್ಜಿ ಇರುವ ಮಗುವಿಗೆ ಬೆರಳಿಗೆ ಹತ್ತಿದಷ್ಟು ಮೊಸರು ಕೂಡ ಡಾಕ್ಟರು ಹೇಳದೆ ನೆಕ್ಕಿಸಬಾರದು. ಅತ್ತೆಯವರಿಗೆ ಇದನ್ನು ಸಮಾಧಾನವಾಗಿ ವಿವರಿಸಿ, ಅವರ ಕಾಳಜಿಯೂ ಮಗುವಿನ ಮೇಲೇ ಅಲ್ವಾ.

ಶಾರ್ಜಾಸಾಗರ

ದೊಡ್ಡವರಿಗೆ ಸೋಯಾ ಹಾಲು, ತೋಫು ಹೇಗೆ? ಬೆಂಗಳೂರಿನಲ್ಲಿ ತಂಗಿ ಮನೆಗೆ ಹೋದಾಗ ಎಲ್ಲ ಅಂಗಡಿಯಲ್ಲೂ ನೋಡಿದೆ.

ಪಥ್ಯದಮನೆ

ಲೇಬಲ್ ಓದಿಯೇ ಕೊಳ್ಳಬೇಕು. ಸೋಯಾ, ಬಾದಾಮಿ, ಓಟ್ಸ್ ಹಾಲುಗಳಲ್ಲಿ ಸಹಜವಾಗಿ ಇರುವ ಕ್ಯಾಲ್ಸಿಯಂ ಕಡಿಮೆ. ಕಂಪನಿಯವರು ಬೇರೆಯಾಗಿ ಸೇರಿಸಿದ್ದರೆ 100 ಮಿಲಿಗೆ 120ರ ಹತ್ತಿರ ಇರುತ್ತದೆ, ಅಂದರೆ ಹಸುವಿನ ಹಾಲಿನ ಸಮ. ಸೇರಿಸಿದ ಕ್ಯಾಲ್ಸಿಯಂ ತಳಕ್ಕೆ ಕೂರುತ್ತದೆ, ಪ್ಯಾಕೆಟ್ ಚೆನ್ನಾಗಿ ಕುಲುಕಿ ಬಗ್ಗಿಸಿ. ತೋಫು ಆದರೆ ಕ್ಯಾಲ್ಸಿಯಂ ಸಲ್ಫೇಟ್ ಹಾಕಿ ಹೆಪ್ಪುಗಟ್ಟಿಸಿದ್ದನ್ನು ತನ್ನಿ. ನಿಂಬೆಹಣ್ಣು, ವಿನೆಗರ್ ಹಾಕಿ ಒಡೆಸಿದ ತೋಫುವಿನಲ್ಲಿ ಅಷ್ಟು ಇರುವುದಿಲ್ಲ.

ಕಲ್ಲುಸಕ್ಕರೆ

ಇಷ್ಟೆಲ್ಲ ತಾಪತ್ರಯ ಯಾಕೆ, ಒಂದು ಮಾತ್ರೆ ನುಂಗಿದರೆ ಆಗಲ್ವಾ? ನನಗಲ್ಲ, ಹೊಂಗೆನೆರಳು ಅವರಿಗೆ ಹೇಳಿದ್ದು.

ಪಥ್ಯದಮನೆ

ಮಾತ್ರೆ ತಪ್ಪು ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ಬೇಕೇ ಬೇಕು. ಆದರೆ ಊಟದಿಂದ ಎಷ್ಟು ಬರುತ್ತದೆ ಅಂತ ಮೊದಲು ನೋಡಿ, ಕಡಿಮೆ ಬಿದ್ದಷ್ಟಕ್ಕೆ ಮಾತ್ರೆ ತೆಗೆದುಕೊಳ್ಳುವುದು ಸರಿಯಾದ ಕ್ರಮ. ರಾಗಿ, ಸೊಪ್ಪು, ಕಾಳು ತಿಂದರೆ ಮೂಳೆಗೆ ಬೇಕಾದ ಪ್ರೋಟೀನ್, ಮೆಗ್ನೀಸಿಯಂ, ವಿಟಮಿನ್ ಕೆ ಕೂಡ ಬರುತ್ತವೆ. ಬರೀ ಕ್ಯಾಲ್ಸಿಯಂ ಮಾತ್ರೆಯಲ್ಲಿ ಅವಿಲ್ಲ.

ತೆಗೆದುಕೊಳ್ಳುವವರು ಗಮನಿಸಿ. ಒಂದೇ ಸಲಕ್ಕೆ 500 ಮಿಲಿಗ್ರಾಂಗಿಂತ ಜಾಸ್ತಿ ಬೇಡ, ದೇಹ ಪೂರ್ತಿ ಹೀರುವುದಿಲ್ಲ. ಕಾರ್ಬೊನೇಟ್ ಮಾತ್ರೆ ಊಟದ ಜೊತೆ, ಸಿಟ್ರೇಟ್ ಯಾವಾಗ ಬೇಕಾದರೂ. ಕಬ್ಬಿಣದ ಮಾತ್ರೆ ಜೊತೆ ಸೇರಿಸಬೇಡಿ. ಥೈರಾಯ್ಡ್ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ.

ವಿಟಮಿನ್ ಡಿ ಇಲ್ಲದೆ ಇದೆಲ್ಲ ಅರ್ಧಂಬರ್ಧ. ಕರುಳಿನಿಂದ ಕ್ಯಾಲ್ಸಿಯಂ ಹೀರಲು ಅದು ಬೇಕು. ಇಷ್ಟು ಬಿಸಿಲಿರುವ ನಾಡಿನಲ್ಲೂ ಕೊರತೆ ಜಾಸ್ತಿ, ಯಾಕಂದರೆ ಬಿಸಿಲಿಗೆ ಹೋಗುವುದನ್ನೇ ಬಿಟ್ಟಿದ್ದೇವೆ. ಬೆಳಗಿನ ಎಳೆ ಬಿಸಿಲು ಹಿತ, ಆದರೆ ಚರ್ಮದಲ್ಲಿ ವಿಟಮಿನ್ ಡಿ ಚೆನ್ನಾಗಿ ಆಗುವುದು 11ರಿಂದ 3ರ ನಡುವೆ. ತೋಳು, ಮುಖಕ್ಕೆ ಸ್ವಲ್ಪ ಹೊತ್ತು ಬೀಳಲಿ. ಪರೀಕ್ಷೆಯಲ್ಲಿ ಕಡಿಮೆ ಬಂದರೆ ಡಾಕ್ಟರು ವಾರಕ್ಕೊಂದು ದೊಡ್ಡ ಡೋಸ್ ಬರೆಯುತ್ತಾರೆ. ಹೇಳಿದಷ್ಟು ವಾರ ಮಾತ್ರ ತೆಗೆದುಕೊಳ್ಳಿ. ಸುಮ್ನೆ ತಿಂಗಳುಗಟ್ಟಲೆ ಮುಂದುವರಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ತೊಂದರೆ ಆಗುತ್ತದೆ.

ಉಪ್ಪಿನಕಾಯಿ, ಹಪ್ಪಳ, ಉಪ್ಸಾರಿನ ಖಾರ ಕಡಿಮೆ ಮಾಡಿ. ಉಪ್ಪು ಜಾಸ್ತಿಯಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುತ್ತದೆ. ಕಾಫಿ ಬಗ್ಗೆ ಜನ ತುಂಬಾ ಹೆದರುತ್ತಾರೆ. ಒಂದೆರಡು ಲೋಟಕ್ಕೆ ಆಗುವ ನಷ್ಟ ಲೆಕ್ಕಕ್ಕೇ ಇಲ್ಲದಷ್ಟು. ಮತ್ತೆ, ನಡಿಗೆ ಬಿಡಬೇಡಿ. ಭಾರ ಬಿದ್ದರೇ ಮೂಳೆ ಗಟ್ಟಿಯಾಗುವುದು.

ಹೊಂಗೆನೆರಳು

ಎಲ್ಲವನ್ನೂ ಬರೆದುಕೊಂಡೆ. ಹೀಗೆ ಮಾಡಬೇಕು ಅಂದುಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ. ಬೆಳಗ್ಗೆ ಹುಳಿ ಬಂದ ರಾಗಿ ಅಂಬಲಿ, ಇಲ್ಲಾ ನುಗ್ಗೆ ಸೊಪ್ಪು ಹಾಕಿದ ರಾಗಿ ರೊಟ್ಟಿ. ಮಧ್ಯಾಹ್ನ ಅನ್ನದ ಜೊತೆ ಮೂಲಂಗಿ ಅಥವಾ ಮೆಂತ್ಯೆ ಸೊಪ್ಪಿನ ಪಲ್ಯ, ಮೇಲೆ ಎಳ್ಳು ಪುಡಿ. ರಾತ್ರಿ ಮುದ್ದೆ, ಮೊಳಕೆ ಹುರುಳಿ ಸಾರು. ಲೆಕ್ಕ ಎಷ್ಟಾಗುತ್ತೆ ಮೇಡಂ?

ಪಥ್ಯದಮನೆ

ಚೆನ್ನಾಗಿದೆ. ಎರಡು ಹೊತ್ತಿನ ರಾಗಿಗೆ ಸೇರಿ 150 ಗ್ರಾಂ ಹಿಟ್ಟು ಅಂದರೆ 530ರ ಸುಮಾರು. 100 ಗ್ರಾಂ ಸೊಪ್ಪಿಗೆ 230ರಿಂದ 270. ಎಳ್ಳು ಪುಡಿ ಒಂದು ದೊಡ್ಡ ಚಮಚ, 110. ಹುರುಳಿ 30 ಗ್ರಾಂ, 80. ನುಗ್ಗೆ ಸೊಪ್ಪು ಒಂದು ಹಿಡಿಗೆ 60, 70 ಹಿಡಿಯಿರಿ. ಎಲ್ಲ ಸೇರಿ 1000 ದಾಟುತ್ತದೆ. ನಿಮಗೆ 1200 ಬೇಕು, ಜೊತೆಗೆ ರಾಗಿ, ಎಳ್ಳಿನದು ಹಾಲಿನಷ್ಟು ಹತ್ತುವುದಿಲ್ಲ. ಈಗಾಗಲೇ ಮೂಳೆ ಸವೆದಿರುವುದರಿಂದ ದಿನಕ್ಕೆ ಒಂದು ಸಣ್ಣ ಮಾತ್ರೆ ಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಹಾಲು ಆಗುವುದಿಲ್ಲ ಅನ್ನುವುದನ್ನು ಅವರಿಗೆ ಸ್ಪಷ್ಟವಾಗಿ ಹೇಳಿ. ವಿಟಮಿನ್ ಡಿ ಪರೀಕ್ಷೆ ಆಗಿದೆಯಾ?

ಹೊಂಗೆನೆರಳು

ಇಲ್ಲ ಮೇಡಂ. ಸೋಮವಾರ ಹೋಗುತ್ತಿದ್ದೇನೆ, ಕೇಳಿ ಮಾಡಿಸುತ್ತೇನೆ.

ಗುರೆಳ್ಳುಪುಡಿ

ಅಕ್ಕಾರ, ಎಳ್ಳು ಪುಡಿಗೆ ಅರ್ಧ ಗುರೆಳ್ಳು ಸೇರಿಸಿ. ಬೇರೆ ಬೇರೆ ಹುರಿಯಿರಿ, ಗುರೆಳ್ಳು ಬೇಗ ಸೀದು ಹೋಗುತ್ತದೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು ಧಾರಾಳವಾಗಿ ಹಾಕಿ ಕುಟ್ಟಿ. ಕರಿಬೇವು ಪುಡಿಯಲ್ಲಿ ಸೇರಿಹೋದರೆ ಯಾರೂ ಎತ್ತಿಡಲು ಆಗುವುದಿಲ್ಲ.